‘ಇಲ್ಲ’ ಎಂಬುದರ ಅರ್ಥವನ್ನು ಅರಸಿದ ವಿದ್ವಾಂಸ

ನಮ್ಮ ಮನೆಗಳಲ್ಲಿ ‘ತರ್ಕ’ವೆಂಬ ಮಾತಿಗೆ ಅಷ್ಟು ಒಳ್ಳೆಯ ಹೆಸರಿಲ್ಲ. ಹಿರಿಯರ ಮಾತಿಗೆ ಮಗು ಎದುರು ಪ್ರಶ್ನೆ ಹಾಕಿದರೆ ‘ತರ್ಕ ಮಾಡಬೇಡ’ ಎನ್ನುತ್ತೇವೆ, ಪ್ರಶ್ನೆ ಮುಂದುವರಿದರೆ ಅದು ‘ಕುತರ್ಕ’ವಾಗುತ್ತದೆ, ಅಲ್ಲಿಗೂ ನಿಲ್ಲದಿದ್ದರೆ ‘ವಿತಂಡವಾದ’ವೆಂಬ ಬಿರುದು ಸಿದ್ಧವಾಗಿರುತ್ತದೆ. ಈ ವಿತಂಡವೆಂಬ ಶಬ್ದ ಗೌತಮನ ನ್ಯಾಯಸೂತ್ರಗಳಷ್ಟು ಹಳೆಯ ಪಾರಿಭಾಷಿಕ ಪದವೆಂಬುದನ್ನು ಬೈಯುವವರೂ ಮರೆತಿರುತ್ತಾರೆ, ಬೈಸಿಕೊಳ್ಳುವವರೂ ಮರೆತಿರುತ್ತಾರೆ. ಸತ್ಯವನ್ನು ತಿಳಿಯುವುದಕ್ಕಾಗಿ ಗುರುಶಿಷ್ಯರು, ಸಮಾನಶೀಲರು ನಡೆಸುವ ಚರ್ಚೆ ವಾದ. ಗೆಲ್ಲುವುದಕ್ಕಾಗಿಯೇ ಹೂಡುವ ಚರ್ಚೆ ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಮಾತ್ರ ಖಂಡಿಸುವುದು ವಿತಂಡ. ಮಾತುಗಾರಿಕೆಯನ್ನು ಹೀಗೆ ಬಗೆಬಗೆಯಾಗಿ ವಿಂಗಡಿಸಿ, ಪ್ರತಿಯೊಂದರ ಸೋಲುಗೆಲುವುಗಳ ನಿಯಮಗಳನ್ನು ಬರೆದಿಟ್ಟ ಜನ, ತರ್ಕವನ್ನು ಕೇವಲ ಅವಿಧೇಯತೆಯೆಂದು ಬಗೆದಿದ್ದರೆ?

ಮನೆಯ ಮಾತು ಹಾಗಿರಲಿ. ವಿದ್ಯಾವಂತರ ನಡುವೆಯೂ ಇನ್ನೊಂದು ನಂಬಿಕೆ ಬೇರೂರಿದೆ. ಪಾಶ್ಚಾತ್ಯರದು ಬುದ್ಧಿಯ ಮಾರ್ಗ, ನಮ್ಮದು ಅನುಭಾವದ ಮಾರ್ಗ. ಅವರು ವಾದಿಸಿದರು, ನಾವು ಕಂಡೆವು, ಎಂದು. ಕೇಳುವುದಕ್ಕೆ ಇದು ಹೊಗಳಿಕೆಯಂತಿದೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ, ಈ ಹೊಗಳಿಕೆಯನ್ನು ಒಪ್ಪಿಕೊಂಡ ಒಡನೆಯೇ ಎರಡು ಸಾವಿರ ವರ್ಷಗಳ ವಾದಗ್ರಂಥಗಳನ್ನು ನಾವೇ ಅಟ್ಟದ ಮೇಲೆ ಕಟ್ಟಿಟ್ಟಂತಾಗುತ್ತದೆಂಬುದು ಹೊಳೆಯುತ್ತದೆ. ಆ ಕಟ್ಟನ್ನು ಬಿಚ್ಚಿ, ಅದರೊಳಗಣ ವಾದಗಳನ್ನು ಆಕ್ಸ್‌ಫರ್ಡಿನ ತತ್ತ್ವಜ್ಞರ ಮೇಜಿನ ಮೇಲೆ ಹರಡಿ, ‘ಇವಕ್ಕೆ ಉತ್ತರ ಹೇಳಿ’ ಎಂದು ಕೇಳಿದ ಒಬ್ಬ ಮಹನೀಯರ ವಿಷಯವನ್ನು ಈ ವಾರ ವಾಚಕರ ಮುಂದಿಡಬಯಸುತ್ತೇನೆ. ಅವರೇ ಬಿಮಲಕೃಷ್ಣ ಮತಿಲಾಲರು.

ಮತಿಲಾಲರು ಹುಟ್ಟಿದ್ದು ೧೯೩೫ರಲ್ಲಿ, ಬಂಗಾಳದ ಜಯನಗರದಲ್ಲಿ. ಬೆಂಗಳೂರಿನವರು ತಮ್ಮ ಜಯನಗರವೆಂದು ಭ್ರಮಿಸಬಾರದು; ಇದು ಕಲ್ಕತ್ತೆಯ ದಕ್ಷಿಣಕ್ಕಿರುವ, ಚಳಿಗಾಲದ ಖರ್ಜೂರದ ಬೆಲ್ಲದಿಂದ ಮಾಡುವ ‘ಮೋಯಾ’ ಎಂಬ ಸಿಹಿಗೆ ಹೆಸರಾದ ಊರು. ಕಲ್ಕತ್ತೆಯಲ್ಲಿ ಸಂಸ್ಕೃತವನ್ನು ಓದಿ, ೧೯೫೭ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕರಾದರು. ೧೮೨೪ರಲ್ಲಿ ಸ್ಥಾಪಿತವಾಗಿ, ಮುಂದೆ ಈಶ್ವರಚಂದ್ರ ವಿದ್ಯಾಸಾಗರರು ಪ್ರಿನ್ಸಿಪಾಲರಾಗಿದ್ದ ಸಂಸ್ಥೆ ಅದು. ಕೆಲಸ ಸಿಕ್ಕಿತೆಂದು ಓದನ್ನು ನಿಲ್ಲಿಸುವ ಸ್ವಭಾವ ಅವರದಾಗಿರಲಿಲ್ಲ. ತಾವು ಪಾಠ ಹೇಳುತ್ತಿದ್ದ ಆ ವರ್ಷಗಳಲ್ಲಿಯೇ ಹಿರಿಯ ಪಂಡಿತರ ಬಳಿ ಕುಳಿತು, ಸಂಪ್ರದಾಯಕ್ರಮದಲ್ಲಿ, ಪಂಕ್ತಿ ಬಿಡದಂತೆ, ನವ್ಯನ್ಯಾಯವನ್ನು ವ್ಯಾಸಂಗ ಮಾಡಿದರು. ೧೯೬೨ರಲ್ಲಿ ‘ತರ್ಕತೀರ್ಥ’ರೆನಿಸಿದರು.

ಅದೇ ವರ್ಷ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರ ಮಾರ್ಗದರ್ಶಕರಾದವರು ಡೇನಿಯಲ್ ಇಂಗಲ್ಸ್. ೧೯೫೧ರಷ್ಟು ಹಿಂದೆಯೇ ನವ್ಯನ್ಯಾಯವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದಿದ್ದ ಸಂಸ್ಕೃತ ಪ್ರಾಧ್ಯಾಪಕರು. ಅದೇ ವಿಶ್ವವಿದ್ಯಾಲಯದಲ್ಲಿ, ಆ ಕಾಲದ ತಾರ್ಕಿಕರಲ್ಲಿ ಅಗ್ರಗಣ್ಯರಾಗಿದ್ದ ಕ್ವೈನ್ ಅವರೂ ಇದ್ದರು. ಮತಿಲಾಲರು ಅವರ ಬಳಿಯೂ ಪಾಠ ಕೇಳಿದರು. ನೆಲದ ಮೇಲೆ ಕುಳಿತು ಗಂಗೇಶೋಪಾಧ್ಯಾಯನ ‘ತತ್ತ್ವಚಿಂತಾಮಣಿ’ಯನ್ನು ಕಲಿತ ವಿದ್ಯಾರ್ಥಿ, ಈಗ ಕರಿಹಲಗೆಯ ಮೇಲೆ ಗಣಿತದ ಚಿಹ್ನೆಗಳಲ್ಲಿ ಮೂಡುವ ತರ್ಕವನ್ನು ಕಲಿಯತೊಡಗಿದರು. ಒಂದನ್ನು ಕಲಿಯುವುದಕ್ಕಾಗಿ ಇನ್ನೊಂದನ್ನು ಮರೆಯಬೇಕೆಂದು ಅವರಿಗೆ ತೋರಲಿಲ್ಲ. ೧೯೬೫ರಲ್ಲಿ ಪಿಎಚ್.ಡಿ. ಪದವಿ ಪಡೆದರು. ಆ ಪ್ರಬಂಧದಿಂದ ಬೆಳೆದ ಗ್ರಂಥ ೧೯೬೮ರಲ್ಲಿ ಹಾರ್ವರ್ಡಿನ ಪ್ರಾಚ್ಯಗ್ರಂಥಮಾಲೆಯಲ್ಲಿ ಹೊರಬಂದಿತು. ಅದರ ವಿಷಯ: ನವ್ಯನ್ಯಾಯದಲ್ಲಿ ಅಭಾವದ ಸಿದ್ಧಾಂತ. ಎಂದರೆ ‘ಇಲ್ಲ’ ಎಂಬ ಮಾತಿನ ಅರ್ಥ!

‘ಇಲ್ಲ’ ಎಂಬುದರ ಮೇಲೆ ಒಂದು ಗ್ರಂಥವೆ, ಎಂದು ವಾಚಕರು ನಗಬಹುದು. ನಗುವ ಮುನ್ನ ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡೋಣ. ‘ಸಕ್ಕರೆ ಇಲ್ಲ’ ಎಂದು ಗೃಹಿಣಿ ಹೇಳುತ್ತಾಳೆ. ಆಕೆ ಕಂಡದ್ದೇನು? ಖಾಲಿ ಡಬ್ಬಿ. ಆದರೆ ಆ ಡಬ್ಬಿಯಲ್ಲಿ ಉಪ್ಪೂ ಇಲ್ಲ, ಆನೆಯೂ ಇಲ್ಲ, ಅಮಾವಾಸ್ಯೆಯ ಚಂದ್ರನೂ ಇಲ್ಲ. ಅವಾವುದನ್ನೂ ಹೇಳದೆ ಸಕ್ಕರೆಯ ಇಲ್ಲದಿರುವಿಕೆಯನ್ನೇ ಆಕೆ ಹೇಗೆ ಅರಿತಳು? ನಮ್ಮ ನೈಯಾಯಿಕರು ಹೇಳುವುದೇನೆಂದರೆ, ಬರಿಯ ‘ಇಲ್ಲ’ವೆಂಬುದು ಲೋಕದಲ್ಲಿ ಇಲ್ಲ. ಪ್ರತಿಯೊಂದು ಅಭಾವಕ್ಕೂ ಒಂದು ನೆಲೆಯಿರಬೇಕು. ಅದು ಅಧಿಕರಣ, ಇಲ್ಲಿ ಡಬ್ಬಿ. ಏನು ಇಲ್ಲವೋ ಆ ವಸ್ತುವಿರಬೇಕು. ಅದು ಪ್ರತಿಯೋಗಿ, ಇಲ್ಲಿ ಸಕ್ಕರೆ. ಇವೆರಡೂ ತಿಳಿಯದೆ ‘ಇಲ್ಲ’ ಎಂದವನ ಮಾತಿಗೆ ಅರ್ಥವಿಲ್ಲ. ಸಕ್ಕರೆಯನ್ನೇ ಅರಿಯದ ಹಸುಳೆಗೆ ಖಾಲಿ ಡಬ್ಬಿ ಕಾಣುತ್ತದೆಯೇ ಹೊರತು ಸಕ್ಕರೆಯ ಅಭಾವ ಕಾಣುವುದಿಲ್ಲ.

ಇಲ್ಲಿ ಕನ್ನಡಿಗರಿಗೊಂದು ಸಂತೋಷದ ಸಂಗತಿಯಿದೆ. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬುದು ಒಂದು ಬಗೆಯ ನಿಷೇಧ. ‘ಬಟ್ಟೆ ಗಡಿಗೆ ಅಲ್ಲ’ ಎಂಬುದು ಇನ್ನೊಂದು ಬಗೆ. ಮೊದಲನೆಯದು ಒಂದು ಎಡೆಯಲ್ಲಿ ಒಂದು ವಸ್ತುವಿನ ಸಂಬಂಧವನ್ನು ಅಲ್ಲಗಳೆಯುತ್ತದೆ. ಎರಡನೆಯದು ಎರಡು ವಸ್ತುಗಳು ಒಂದೇ ಎಂಬುದನ್ನು ಅಲ್ಲಗಳೆಯುತ್ತದೆ. ನೈಯಾಯಿಕರು ಇವನ್ನು ಸಂಸರ್ಗಾಭಾವ, ಅನ್ಯೋನ್ಯಾಭಾವ ಎಂದು ಬೇರ್ಪಡಿಸಿದರು. ಸಂಸ್ಕೃತಕ್ಕೆ ಎರಡೆಡೆಯಲ್ಲಿಯೂ ‘ನ’ ಎಂಬ ಒಂದೇ ಅಕ್ಷರ ಸಾಕಾಗುತ್ತದೆ. ಇಂಗ್ಲಿಷಿನಲ್ಲಿಯೂ ಒಂದೇ ನಿಷೇಧಪದ ಎರಡು ಕೆಲಸವನ್ನೂ ಮಾಡಬಲ್ಲುದು. ಕನ್ನಡದಲ್ಲಿ ಓದುಬರಹ ಬಾರದ ಅಜ್ಜಿಯೂ ‘ಇಲ್ಲ’, ‘ಅಲ್ಲ’ಗಳನ್ನು ಒಂದರ ಎಡೆಯಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ಪಂಡಿತರು ಶ್ರಮದಿಂದ ಕಂಡ ಭೇದ ನಮ್ಮ ನಾಲಗೆಯ ಮೇಲೆ ದಿನವೂ ಆಡುತ್ತಿದೆ.

ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಗಡಿಗೆಯ ಅಭಾವದ ಅಭಾವವೆಂದರೇನು? ಗಡಿಗೆಯೇ, ಎಂದರು ಹಳಬರು. ಅದು ಗಡಿಗೆಯಲ್ಲ, ಬೇರೊಂದು ಅಭಾವ. ಆದರೆ ಮೂರನೆಯ ಸಲ ಅಭಾವವನ್ನು ಹೇಳಿದರೆ ಮೊದಲನೆಯ ಅಭಾವವೇ ಬರುತ್ತದೆ, ಎಂದನು ನವದ್ವೀಪದ ರಘುನಾಥ ಶಿರೋಮಣಿ. ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನ ಗಣಿತಜ್ಞರ ಒಂದು ಪಂಥವೂ ಇದಕ್ಕೆ ಬಹು ಹತ್ತಿರವಾದ ನಿಲವನ್ನು ತಳೆಯಿತು: ಎರಡು ನಿಷೇಧಗಳು ಸೇರಿದರೆ ವಿಧಿಯಾಗಲೇಬೇಕೆಂದಿಲ್ಲ, ಮೂರು ಸೇರಿದರೆ ಒಂದಕ್ಕೆ ಸಮ. ಇಂಥ ಹೋಲಿಕೆಯನ್ನು ಕಂಡಾಗ ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೆನ್ನು ತಟ್ಟಿಕೊಳ್ಳುವ ಚಾಪಲ್ಯ ನಮ್ಮಲ್ಲಿ ಅನೇಕರಿಗುಂಟು. ಮತಿಲಾಲರ ದಾರಿ ಅದಲ್ಲ. ಯಾರು ಮೊದಲು ಹೇಳಿದರೆಂಬುದಕ್ಕಿಂತ, ಹೇಳಿದ್ದು ಸರಿಯೆ, ಅದಕ್ಕೆ ಆಧಾರವೇನು, ಎದುರುವಾದಕ್ಕೆ ಅದು ನಿಲ್ಲುವುದೆ ಎಂಬುದೇ ಅವರಿಗೆ ಮುಖ್ಯವಾಗಿತ್ತು. ಶಿರೋಮಣಿಯನ್ನು ಅವರು ವಸ್ತುಸಂಗ್ರಹಾಲಯದ ವಿಗ್ರಹದಂತೆ ತೋರಿಸಲಿಲ್ಲ. ಸಭೆಯಲ್ಲಿ ಕುಳಿತಿರುವ ಒಬ್ಬ ವಾದಿಯಂತೆ ಮಾತನಾಡಿಸಿದರು.

೧೯೬೫ರಿಂದ ಅವರು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪನ ಮಾಡಿದರು. ೧೯೭೦ರ ದಶಕದ ಆರಂಭದಲ್ಲಿ ಭಾರತೀಯ ತತ್ತ್ವಶಾಸ್ತ್ರಕ್ಕೆಂದೇ ಒಂದು ಅಂತರರಾಷ್ಟ್ರೀಯ ವಿದ್ವತ್ಪತ್ರಿಕೆಯನ್ನು ಸ್ಥಾಪಿಸಿದರು. ಅದು ಇಂದಿಗೂ ನಡೆದುಬರುತ್ತಿದೆ. ಆ ದಶಕದ ಉತ್ತರಾರ್ಧದಲ್ಲಿ ಆಕ್ಸ್‌ಫರ್ಡಿನ ಸ್ಪಾಲ್ಡಿಂಗ್ ಪ್ರಾಧ್ಯಾಪಕ ಪೀಠಕ್ಕೆ ಆಯ್ಕೆಯಾದರು. ಪ್ರಾಚ್ಯಧರ್ಮ ಮತ್ತು ನೀತಿಶಾಸ್ತ್ರಗಳಿಗಾಗಿ ಏರ್ಪಟ್ಟ ಈ ಪೀಠವನ್ನು ೧೯೩೬ರಲ್ಲಿ ಮೊದಲು ಅಲಂಕರಿಸಿದವರು ಸರ್ವಪಲ್ಲಿ ರಾಧಾಕೃಷ್ಣನ್ನರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೧೮ರಿಂದ ೧೯೨೧ರವರೆಗೆ ತತ್ತ್ವಶಾಸ್ತ್ರ ಬೋಧಿಸಿದ್ದ ಅವರ ವಿಷಯವನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಪರದೇಶೀಯರು ನಮ್ಮ ದರ್ಶನಗಳನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಅವುಗಳ ಆಧ್ಯಾತ್ಮಿಕ ಔನ್ನತ್ಯವನ್ನು ರಾಧಾಕೃಷ್ಣನ್ನರು ಲೋಕದ ಮುಂದೆ ಎತ್ತಿ ಹಿಡಿದರು. ಆ ಕೆಲಸ ಆಗಬೇಕಾಗಿತ್ತು. ಆದರೆ ಅದರ ಬೆಳಕಿನಲ್ಲಿ ಇನ್ನೊಂದು ಮುಖ ಮರೆಯಾಯಿತು. ಭಾರತೀಯ ತತ್ತ್ವವೆಂದರೆ ಅನುಭಾವ, ಅನುಭಾವವೆಂದರೆ ತರ್ಕಕ್ಕೆ ನಿಲುಕದ್ದು, ಆದ್ದರಿಂದ ಭಾರತೀಯ ತತ್ತ್ವವನ್ನು ತರ್ಕಿಗಳು ಓದಬೇಕಾಗಿಲ್ಲ ಎಂಬ ಸುಲಭವಾದ ತೀರ್ಮಾನಕ್ಕೆ ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರು ಬಂದುಬಿಟ್ಟರು. ಅದೇ ಪೀಠದಿಂದ ಮತಿಲಾಲರು ಆ ತೀರ್ಮಾನವನ್ನು ಅಲುಗಿಸಬೇಕಾಯಿತು. ೧೯೭೭ರ ತಮ್ಮ ಪ್ರಾರಂಭೋಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ, ಭಾರತೀಯ ಅನುಭಾವದ ಮೇಲೆ ತರ್ಕದ ಬೆಳಕು. ಮಾತಿಗೆ ಮೀರಿದ್ದನ್ನು ಕುರಿತು ಹೇಳಿದವರೂ, ನಾಗಾರ್ಜುನನಂಥವರು, ಅದನ್ನು ಕಟ್ಟುನಿಟ್ಟಾದ ವಾದದಿಂದಲೇ ಸಾಧಿಸಹೊರಟರೆಂಬುದು ಅವರ ಗ್ರಂಥಗಳಲ್ಲಿ ಮತ್ತೆಮತ್ತೆ ಕಾಣುವ ಮಾತು. ನಾವು ಬೈಗುಳವಾಗಿಸಿಕೊಂಡಿರುವ ವಿತಂಡವೂ ಅವರ ದೃಷ್ಟಿಯಲ್ಲಿ ಒಂದು ಗೌರವದ ಮಾರ್ಗವಾಗಬಲ್ಲುದು: ತನ್ನ ಪಕ್ಷವಿಲ್ಲದೆಯೇ ಪರೀಕ್ಷಿಸುವವನು ಪ್ರಾಮಾಣಿಕನಾದ ಸಂದೇಹವಾದಿಯೂ ಆಗಿರಬಹುದಲ್ಲವೆ?

೧೯೮೬ರಲ್ಲಿ ಪ್ರಕಟವಾದ ‘ಪ್ರತ್ಯಕ್ಷ’ವೆಂಬರ್ಥದ ಹೆಸರುಳ್ಳ ಅವರ ಗ್ರಂಥ ಬಹುಶಃ ಅವರ ಕೃತಿಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು. ಬೌದ್ಧರಾದ ದಿಙ್ನಾಗ, ಧರ್ಮಕೀರ್ತಿಗಳಿಗೂ ನೈಯಾಯಿಕರಿಗೂ ಶತಮಾನಗಳ ಕಾಲ ನಡೆದ ವ್ಯಾಜ್ಯ ಅದರ ವಸ್ತು. ಮಾವಿನ ಹಣ್ಣೊಂದನ್ನು ನೋಡಿದಾಗ ನಾವು ಕಾಣುವುದು ಹಣ್ಣನ್ನೋ, ಹಳದಿಯ ಒಂದು ಛಾಯೆಯನ್ನೋ? ಹಣ್ಣೆಂಬುದು ಮನಸ್ಸು ಹೊಲಿದು ಕೂಡಿಸಿದ ಕಲ್ಪನೆ ಎನ್ನುತ್ತದೆ ಬೌದ್ಧಪಕ್ಷ. ‘ಯಾವುದನ್ನು ಕಂಡೆನೋ ಅದನ್ನೇ ಮುಟ್ಟುತ್ತಿದ್ದೇನೆ’ ಎಂದು ನಮಗೆಲ್ಲ ಅನಿಸುವುದಿಲ್ಲವೆ, ಎಂದು ಕೇಳುತ್ತದೆ ನ್ಯಾಯಪಕ್ಷ. ಕಣ್ಣಿಗೆ ಬಣ್ಣ ಮಾತ್ರ ಗೊತ್ತು, ಕೈಗೆ ಮೆದುಪು ಮಾತ್ರ ಗೊತ್ತು ಎಂದಾದರೆ, ಎರಡೂ ಒಂದೇ ಹಣ್ಣಿನವೆಂದು ಗುರುತಿಸುವವರು ಯಾರು? ಲೋಕವೂ ಇದೆ, ಅದನ್ನು ಅರಿಯುವ ಆತ್ಮವೂ ಇದೆ ಎಂಬ ನ್ಯಾಯದ ಸಾಧನೆ ಇಂಥ ಸಾಮಾನ್ಯ ಅನುಭವದ ಮೇಲೆ ನಿಂತಿದೆ. ಮತಿಲಾಲರು ನ್ಯಾಯದ ಕಡೆಗೇ ಒಲಿದವರು. ಆದರೂ ಬೌದ್ಧರ ವಾದವನ್ನು ದುರ್ಬಲಗೊಳಿಸಿ ಗೆಲ್ಲಲಿಲ್ಲ. ಎದುರಾಳಿಯ ಪಕ್ಷವನ್ನು ಅವನಿಗಿಂತಲೂ ಚೆನ್ನಾಗಿ ಹೇಳಿ ಅನಂತರ ಖಂಡಿಸಬೇಕೆಂಬ ಪೂರ್ವಪಕ್ಷದ ಶಿಷ್ಟಾಚಾರವನ್ನು ಇಂಗ್ಲಿಷ್ ಗದ್ಯದಲ್ಲಿಯೂ ಪಾಲಿಸಿದರು.

ತರ್ಕಶಾಸ್ತ್ರಿಗಳಿಗೆ ಜೀವನದ ಸಂಕಟಗಳು ಕಾಣುವುದಿಲ್ಲವೆಂಬ ದೂರು ಹಳೆಯದು. ಮತಿಲಾಲರ ಮಟ್ಟಿಗೆ ಅದು ಸಲ್ಲದು. ಮಹಾಭಾರತದ ಧರ್ಮಸಂಕಟಗಳನ್ನು ಕುರಿತು ಅವರು ಸಂಪಾದಿಸಿದ ಲೇಖನಸಂಪುಟ ೧೯೮೯ರಲ್ಲಿ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಿಂದ ಹೊರಬಂದಿತು. ಅವರ ಚಿಂತನೆಯನ್ನು ವಿಶೇಷವಾಗಿ ಹಿಡಿದ ಸಂದರ್ಭಗಳಲ್ಲಿ ಒಂದು ಕರ್ಣಪರ್ವದ್ದು. ಕರ್ಣನಿಂದ ಗಾಯಗೊಂಡು ಬಿಡಾರಕ್ಕೆ ಬಂದ ಧರ್ಮರಾಯ, ನೋವಿನ ಭರದಲ್ಲಿ, ಗಾಂಡೀವವನ್ನು ಇನ್ನೊಬ್ಬರಿಗೆ ಕೊಟ್ಟುಬಿಡೆಂದು ಅರ್ಜುನನನ್ನು ಹಳಿಯುತ್ತಾನೆ. ಹಾಗೆಂದವರ ತಲೆ ಕಡಿಯುವೆನೆಂದು ಅರ್ಜುನನ ಪ್ರತಿಜ್ಞೆ. ಮಾತು ಉಳಿಸಿಕೊಂಡರೆ ಅಣ್ಣನ ಕೊಲೆ. ಅಣ್ಣನನ್ನು ಉಳಿಸಿದರೆ ಸತ್ಯದ ಕೊಲೆ. ಆಗ ಕೃಷ್ಣ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವೆನೆಂಬ ವ್ರತ ಕೌಶಿಕನದು. ಕಳ್ಳರಿಗೆ ಹೆದರಿ ಓಡಿಬಂದವರು ಕಾಡಿನಲ್ಲಿ ಅಡಗಿದ್ದನ್ನು ಕಂಡ ಆತ, ಕಳ್ಳರು ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿದ. ಅಡಗಿದ್ದವರು ಸತ್ತರು, ಸತ್ಯವ್ರತನು ನರಕಕ್ಕೆ ಹೋದನು.

ಜರ್ಮನಿಯ ಮಹಾದಾರ್ಶನಿಕ ಕಾಂಟನ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಮನೆಯಲ್ಲಿ ಅಡಗಿರುವ ಸ್ನೇಹಿತನನ್ನು ಹುಡುಕಿ ಕೊಲೆಗಾರ ಬಾಗಿಲಿಗೆ ಬಂದರೂ ಸುಳ್ಳಾಡಲು ನಮಗೆ ಹಕ್ಕಿಲ್ಲವೆಂದು ೧೭೯೭ರಲ್ಲಿ ಆತ ಬರೆದನು. ಕೌಶಿಕನನ್ನೂ ಕಾಂಟನನ್ನೂ ಮತಿಲಾಲರು ಮುಖಾಮುಖಿ ನಿಲ್ಲಿಸಿದರು. ಕನ್ನಡದ ಮನೆಗಳಲ್ಲಿ ಈ ಚರ್ಚೆಗೆ ಮೂರನೆಯದೊಂದು ಪೀಠವನ್ನು ಹಾಕಬಹುದು. ಅದರ ಮೇಲೆ ಕುಳಿತುಕೊಳ್ಳಬೇಕಾದವಳು ಪುಣ್ಯಕೋಟಿ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಹಿಂದಿರುಗಿದ ಹಸುವಿನ ಹಾಡನ್ನು ಕೇಳಿ ಕಣ್ಣೀರಿಡದ ಮಗು ನಮ್ಮಲ್ಲಿ ವಿರಳ. ಪುಣ್ಯಕೋಟಿಯ ಸತ್ಯ ನಮಗೆ ಪೂಜ್ಯ, ಕೌಶಿಕನ ಸತ್ಯ ನಿಂದ್ಯ. ಏಕೆ? ಪುಣ್ಯಕೋಟಿ ತೆರಲು ಸಿದ್ಧಳಾದದ್ದು ತನ್ನ ಪ್ರಾಣವನ್ನು. ಕೌಶಿಕ ತೆತ್ತದ್ದು ಪರರ ಪ್ರಾಣವನ್ನು. ಉತ್ತರ ಸುಲಭವೆನಿಸುತ್ತದೆ. ಆದರೆ ಪುಣ್ಯಕೋಟಿಯ ಕರುವನ್ನು ನೆನೆದೊಡನೆ ಅದು ಮತ್ತೆ ಕಷ್ಟವಾಗುತ್ತದೆ. ತಾಯಿಯ ಸತ್ಯಕ್ಕೆ ಬೆಲೆ ತೆರಬೇಕಾಗಿದ್ದದ್ದು ಆ ತಬ್ಬಲಿಯೂ ಅಲ್ಲವೆ? ಧರ್ಮಸಂಕಟವೆಂದರೆ ಬುದ್ಧಿಯ ಮಂಕಿನಿಂದ ಹುಟ್ಟಿದ ತೊಡಕಲ್ಲ, ಅದು ನಿಜವಾದದ್ದೇ. ಯಾವ ದಾರಿ ಹಿಡಿದರೂ ಏನೋ ಒಂದು ಉಳಿದು ನೋಯಿಸುತ್ತದೆ ಎಂಬುದನ್ನು ನಮ್ಮ ಕವಿಗಳು ಬಲ್ಲವರಾಗಿದ್ದರು. ನೀತಿಯ ಗಂಭೀರವಾದ ವಿಚಾರವನ್ನು ನಮ್ಮಲ್ಲಿ ಶಾಸ್ತ್ರಕಾರರಿಗಿಂತ ಹೆಚ್ಚಾಗಿ ಕಥೆಗಾರರು ನಡೆಸಿದರೆಂಬುದು ಮತಿಲಾಲರ ಮಹತ್ತ್ವದ ಸೂಚನೆಗಳಲ್ಲಿ ಒಂದು.

ಎರಡು ದಡಗಳನ್ನು ಕೂಡಿಸುವ ಸೇತುವೆಯ ಮೇಲೆ ಎರಡು ಕಡೆಯವರೂ ನಡೆಯುತ್ತಾರೆ. ಪಂಡಿತ ಸಂಪ್ರದಾಯದವರು ಕೇಳಬಹುದಾದ ಪ್ರಶ್ನೆಯುಂಟು: ಶಾಸ್ತ್ರವನ್ನು ಇಂಗ್ಲಿಷಿನ ಅಚ್ಚಿಗೆ ಸುರಿದರೆ ಮೋಕ್ಷವೆಂಬ ಅದರ ಗುರಿ ಸೋರಿಹೋಗುವುದಿಲ್ಲವೆ? ನಮ್ಮ ವಸ್ತುವನ್ನು ಪರರ ಅಳತೆಗೋಲಿನಿಂದ ಅಳೆದು, ಅವರು ಒಪ್ಪಿದಷ್ಟಕ್ಕೆ ಮಾತ್ರ ಬೆಲೆ ಕಟ್ಟಿದಂತಾಗುವುದಿಲ್ಲವೆ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಗೌತಮನ ಮೊದಲ ಸೂತ್ರವೇ ನಿಃಶ್ರೇಯಸವನ್ನು ಹೇಳುತ್ತದೆ. ಅದನ್ನು ಬಿಟ್ಟು ಪ್ರಮಾಣವಿಚಾರವನ್ನು ಮಾತ್ರ ಎತ್ತಿಕೊಂಡರೆ ಚಿತ್ರ ಅರೆಯಾಗುತ್ತದೆ. ಆದರೆ ಪ್ರಮಾಣಗಳ ಪರೀಕ್ಷೆಯಿಲ್ಲದೆ ಆ ಗುರಿಗೆ ದಾರಿಯಿಲ್ಲವೆಂದು ಹೇಳಿದವನೂ ಅದೇ ಗೌತಮ. ಅಲ್ಲದೆ, ಎದುರಾಳಿಯ ಭಾಷೆಯನ್ನು ಕಲಿತು ಅವನ ಸಭೆಯಲ್ಲಿಯೇ ವಾದಿಸುವುದು ನಮ್ಮವರಿಗೆ ಹೊಸತೇನಲ್ಲ. ವಿಜಯನಗರದ ಕಾಲದಲ್ಲಿ ನಮ್ಮ ವ್ಯಾಸತೀರ್ಥರು ಮಾಡಿದ್ದೇನು? ಮಿಥಿಲೆಯ ಗಂಗೇಶನ ನವ್ಯನ್ಯಾಯವನ್ನು ಕರಗತ ಮಾಡಿಕೊಂಡು, ಅದೇ ಪರಿಭಾಷೆಯಿಂದ ನೈಯಾಯಿಕರನ್ನು ಎದುರಿಸಿ ‘ತರ್ಕತಾಂಡವ’ವನ್ನು ಬರೆದರು. ದಾಸರಾಗಿ ಕನ್ನಡದಲ್ಲಿ ಹಾಡು ಕಟ್ಟಿದವರೂ ಅವರೇ. ಭಕ್ತಿಯಿದ್ದ ಎದೆಗೆ ತರ್ಕ ಭಾರವಾಗಲಿಲ್ಲ.

೧೯೯೦ರಲ್ಲಿ ಶಬ್ದಾರ್ಥಗಳ ಸಂಬಂಧವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ೧೯೯೧ರ ಜೂನ್ ತಿಂಗಳಿನಲ್ಲಿ, ಐವತ್ತಾರರ ವಯಸ್ಸಿಗೇ, ಕ್ಯಾನ್ಸರ್ ಅವರನ್ನು ಒಯ್ದಿತು. ಆಪ್ತವಾಕ್ಯದಿಂದ ಜ್ಞಾನ ಹುಟ್ಟುವುದೆ ಎಂಬ ಪ್ರಶ್ನೆಯನ್ನು ಕುರಿತು ಶಿಷ್ಯ ಅರಿಂದಮ ಚಕ್ರವರ್ತಿಯವರೊಡನೆ ಸಂಪಾದಿಸಿದ ಸಂಪುಟ ೧೯೯೪ರಲ್ಲಿಯೂ, ಭಾರತೀಯ ತರ್ಕದ ಸ್ವರೂಪವನ್ನು ಕುರಿತ ಗ್ರಂಥ ೧೯೯೮ರಲ್ಲಿಯೂ, ಅವರು ತೀರಿಕೊಂಡ ಮೇಲೆ ಬೆಳಕು ಕಂಡವು. ಕೈಯೊಳಗಿನ ಫೋನಿಗೆ ದಿನಕ್ಕೆ ನೂರು ಸುದ್ದಿಗಳು ಬಂದು ಬೀಳುವ ಈ ಕಾಲದಲ್ಲಿ, ಆಪ್ತನೆಂದರೆ ಯಾರು, ಅವನ ಮಾತನ್ನು ಯಾವಾಗ ನಂಬಬೇಕು ಎಂಬುದು ಪಂಡಿತರ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ವಿಷಯವನ್ನು ತಾನು ಚೆನ್ನಾಗಿ ಬಲ್ಲವನಾಗಿದ್ದು, ಬಲ್ಲುದನ್ನು ಇದ್ದಂತೆ ತಿಳಿಸಬೇಕೆಂಬ ಬಯಕೆಯುಳ್ಳವನೇ ಆಪ್ತನೆಂದು ನ್ಯಾಯಭಾಷ್ಯಕಾರ ವಾತ್ಸ್ಯಾಯನ ಹೇಳಿದ್ದಾನೆ. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನಾಗಿರಬಹುದು. ಲಕ್ಷಣ ಎಲ್ಲರಿಗೂ ಒಂದೇ ಎಂದೂ ಅವನು ಸೇರಿಸುತ್ತಾನೆ. ಹುಟ್ಟನ್ನು ಕೇಳದೆ ತಿಳಿವನ್ನೂ ಪ್ರಾಮಾಣಿಕತೆಯನ್ನೂ ಕೇಳುವ ಈ ಮಾತು ಎಷ್ಟು ಶತಮಾನಗಳ ಹಿಂದಿನದೆಂದು ನೆನೆದರೆ ಆಶ್ಚರ್ಯವಾಗುತ್ತದೆ.

ಮೈಸೂರಿನಂಥ ಊರಿನಲ್ಲಿ ಮಹಾರಾಜಾ ಕಾಲೇಜೂ ಇದೆ, ಮಹಾರಾಜಾ ಸಂಸ್ಕೃತ ಕಾಲೇಜೂ ಇದೆ. ಒಂದರಲ್ಲಿ ಪ್ಲೇಟೊ, ಕಾಂಟರ ಪಾಠ. ಇನ್ನೊಂದರಲ್ಲಿ ನ್ಯಾಯ, ವೇದಾಂತಗಳ ಪಾಠ. ಹಿರಿಯಣ್ಣನವರಂಥ ಕೆಲವರು ಎರಡನ್ನೂ ಬಲ್ಲವರಾಗಿದ್ದರು. ೧೯೩೨ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಅಂಥವರ ಸಂಖ್ಯೆ ಹೆಚ್ಚದಿದ್ದರೆ ನಷ್ಟ ಯಾರಿಗೆ? ಆಕ್ಸ್‌ಫರ್ಡಿಗಲ್ಲ. ವ್ಯಾಸತೀರ್ಥರ ವಾದವನ್ನು ತನ್ನ ಭಾಷೆಯಲ್ಲಿ ಓದಿ, ಒಪ್ಪಲೂ ಖಂಡಿಸಲೂ ಶಕ್ತನಾಗಬೇಕಾದ ನಮ್ಮ ಮನೆಯ ಹುಡುಗನಿಗೆ, ಹುಡುಗಿಗೆ. ಪರಂಪರೆಯನ್ನು ಪೂಜಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಹಳಿಯುವವರೂ ಇದ್ದಾರೆ. ಅದರೊಡನೆ ವಾದಿಸಬಲ್ಲವರು ಬೇಕಾಗಿದ್ದಾರೆ.